‘ಅರೌಂಡ್ ದ ಕಾರ್ನರ್’ ಅಂದ್ರ ಜಾಗಾ ಹತ್ರ ಐತಿ ಅಂತನೋ, ಟೈಮ್ ಹತ್ರ ಬಂತು ಅಂತನೋ?

ಸಪ್ತಾಪುರ ರೂಮ್ ಮಂದಿ, ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ನಾವು ಮೂರು ಮಂದಿ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಬ್ಯಾಂಕ್ ಎಕ್ಸಾಮಿಗೆ ಓದಾಕತ್ತೇವಿ. ಮೂವರೂ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ಮ್ಯಾಥ್ಸ್, ರೀಸನಿಂಗ್ ಹೆಂಗೋ ಸಾಗತಾವು, ಇಂಗ್ಲಿಷ್ ಪೇಪರ್‌ನ್ಯಾಗ ಈಡಿಯಮ್ ಬಂತಂದ್ರ ಮಾತ್ರ ಗಾಡಿ ಅಲ್ಲೇ ನಿಲ್ತೈತಿ.

ಒಂದು ಪ್ಯಾಸೇಜ್‌ನ್ಯಾಗ ‘ವಿತ್ ದ ಮಾನ್ಸೂನ್ ಜಸ್ಟ್ ಅರೌಂಡ್ ದ ಕಾರ್ನರ್, ಫಾರ್ಮರ್ಸ್ ಹ್ಯಾವ್ ಬಿಗನ್ ಬೈಯಿಂಗ್ ಸೀಡ್ಸ್’ ಅಂತ ಇತ್ತು. ನಮ್ಮ ರೂಮ್‌ಮೇಟ್ ಒಬ್ಬ ಇದು ಜಾಗಾಕ್ಕ ಹೇಳೋ ಮಾತು, ‘ದೇರ್ ಈಸ್ ಎ ಮೆಡಿಕಲ್ ಶಾಪ್ ಅರೌಂಡ್ ದ ಕಾರ್ನರ್’ ಅಂತ ನಾ ಎಷ್ಟೋ ಕಡೆ ಓದೇನಿ ಅಂತಾನ, ಇನ್ನೊಬ್ಬ ಇಲ್ಲ ಜಲ್ದಿ ಬರ್ತೈತಿ ಅನ್ನೋದೇ ಅರ್ಥ ಅಂತಾನ. ಉತ್ತರ ಹಾಳಿ ನೋಡಿದ್ರ ‘ಸೂನ್ ಟು ಹ್ಯಾಪನ್’ ಅಂತ ಐತಿ, ಅಷ್ಟಕ್ಕ ಮಾರ್ಕ್ಸ್ ಬಿತ್ತು ಖರೆ, ಆದ್ರ ನಮಗ ಇದನ್ನ ಬಳಸಾಕೂ ಬರಬೇಕಲ್ರಿ, ಮುಂದ ಡಿಸ್ಕ್ರಿಪ್ಟಿವ್ ಪೇಪರ್ ಇರ್ತೈತಿ, ಲೆಟರ್ ಬರೀಬೇಕು, ಎಸ್ಸೇ ಬರೀಬೇಕು, ಅಲ್ಲಿ ತಪ್ಪು ಹಾಕಿದ್ರ ಕಟ್ ಆಗ್ತಾವು.

ಎಷ್ಟು ದಿನ ಇದ್ರ ‘ಅರೌಂಡ್ ದ ಕಾರ್ನರ್’ ಅನ್ನಬಹುದು? ಒಂದು ವಾರ, ಒಂದು ತಿಂಗಳು, ಹಂಗೇನರ ಲೆಕ್ಕ ಐತೇನು? ಒಳ್ಳೇದಕ್ಕ ಅಷ್ಟ ಬಳಸೋದೋ, ಕೆಟ್ಟದ್ದಕ್ಕೂ ನಡೀತೈತೋ? ‘ರೌಂಡ್’ ಅಂತ ಒಂದು ಕಡೆ, ‘ಅರೌಂಡ್’ ಅಂತ ಒಂದು ಕಡೆ ಇರ್ತೈತಿ, ಯಾವ್ದು ಖರೆ? ಮತ್ತ ಇದಕ್ಕ ನಮ್ಮ ಮಾತಿನ್ಯಾಗ ಏನಂತೇವಿ ಅಂತ ತಿಳದ್ರ ನೆನಪಿಡಾಕ ಹಗುರ ಆಗ್ತೈತಿ. ತಿಳದವರು ಸ್ವಲ್ಪ ಬಿಡಿಸಿ ಹೇಳ್ರಿ.

ಮಾಳಮಡ್ಡಿ ಟೀಚರ್, ಧಾರವಾಡ

ತಮ್ಮಾ, ನಿಮ್ಮ ರೂಮಿನ ಇಬ್ಬರು ಹುಡುಗರೂ ಸರಿ ಹೇಳ್ಯಾರ. ಮೊದಲ ಅದು ಜಾಗಾಕ್ಕ ಹೇಳೋ ಮಾತೇ, ಆಮ್ಯಾಲ ಅದೇ ಮಾತು ಟೈಮಿಗೆ ದಾಟೇದ. ನಾನು ಹೈಸ್ಕೂಲ್‌ನ್ಯಾಗ ಇಂಗ್ಲಿಷ್ ಕಲಿಸಿ ರಿಟೈರ್ ಆದಾಕಿ, ಕನ್ನಡ ಮೀಡಿಯಂ ಹುಡುಗ್ರಿಗೆ ಇದು ಯಾಕ ತೊಡಕಾಗ್ತದ ಅಂತ ನನಗ ಚಲೋ ಗೊತ್ತದ, ಅದನ್ನ ಮೊದಲ ಹೇಳ್ತೀನಿ.

ಡಿಕ್ಷನರಿ ತಗದ್ರ ‘ಕಾರ್ನರ್’ ಅಂದ್ರ ಮೂಲೆ ಅಂತ ಇರ್ತದ. ನಮ್ಮ ಕಡೆ ಮೂಲಿ ಅಂದಕೂಡ್ಲೆ ಕಣ್ಣಿಗೆ ಬರೋದು ಮನೀ ಒಳಗಿನ ಮೂಲಿ. ಕಸಬರಿಗಿ ಇಡೋದು ಮೂಲಿಗೆ, ಬ್ಯಾಡಾದ ಸಾಮಾನು ಒಗಿಯೋದು ಮೂಲಿಗೆ. ‘ಆ ಫೈಲ್ ಮೂಲಿಗೆ ಬಿತ್ತು’ ಅಂದ್ರ ಇನ್ನ ಅದನ್ನ ಯಾರೂ ಕೇಳಂಗಿಲ್ಲ ಅಂತ ಅರ್ಥ. ಈಗ ಇದೇ ಅರ್ಥ ಇಟ್ಕೊಂಡು ‘ಎಕ್ಸಾಮ್ ಅರೌಂಡ್ ದ ಕಾರ್ನರ್’ ಓದಿದ್ರ ಪರೀಕ್ಷಾ ಮೂಲಿಗೆ ಬಿತ್ತು ಅಂದಂಗ ಪೂರ್ತಿ ಉಲ್ಟಾ ಆಗ್ತದ. ಅದಕ್ಕ ಇಲ್ಲಿ ಮೂಲಿ ಬಿಟ್ಟುಬಿಡ್ರಿ, ಓಣಿ ತಿರುವು ಅಂತ ತಿಳ್ಕೊಳ್ರಿ. ಒಂದು ರಸ್ತೆ ಹೋಗಿ ಇನ್ನೊಂದು ರಸ್ತೆಗೆ ಕೂಡೋ ಕಡೆ ಕಟ್ಟಡದ ಹೊರಗಿನ ಕೋನ ಇರ್ತದಲ್ಲ, ಅದು ಇವರ ಕಾರ್ನರ್. ಲೈನ್ ಬಜಾರದಾಗ ಯಾರರ ಪೇಡೆ ಅಂಗಡಿ ಎಲ್ಲದ ಅಂತ ಕೇಳಿದ್ರ ‘ಇಲ್ಲೇ, ಹಿಂಗ ತಿರುಗಿದ್ರ ಬಂತು’ ಅಂತೀವಿ ನೋಡು, ಆ ‘ಹಿಂಗ ತಿರುಗಿದ್ರ ಬಂತು’ ಅನ್ನೋದು ಇಂಗ್ಲಿಷ್‌ನ್ಯಾಗ ‘ಜಸ್ಟ್ ಅರೌಂಡ್ ದ ಕಾರ್ನರ್’.

ಇನ್ನ ಟೈಮಿಗೆ ಹೆಂಗ ದಾಟ್ತು ಅಂದ್ರ, ನಾವು ನಡಕೋತ ಹೊಂಟೀವಿ, ಮುಂದಿಂದು ತಿರುವಿನ ಆ ಕಡೆ ಅದ, ಕಟ್ಟಡ ಅಡ್ಡ ಬಂದಿದ್ದಕ್ಕ ಇನ್ನೂ ಕಾಣವಲ್ದು, ಆದ್ರ ನಾಕು ಹೆಜ್ಜಿ ಹಾಕಿದ್ರ ಎದುರಿಗೇ ನಿಂತಿರ್ತದ. ಹತ್ರ ಅದ, ಆದ್ರ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಈ ಎರಡೂ ಕೂಡಿದ್ರನ ಆ ಮಾತು. ಇಷ್ಟು ಚಿತ್ರ ತಲ್ಯಾಗ ಕುಂತ್ರ ಬಳಕಿ ತಾನ ಬರ್ತದ. ತಾನಾಗೇ ಬರೋ ಸಂಗತಿಗೆ ಇದನ್ನ ಹಚ್ಚಬೇಕು: ಹಬ್ಬ, ಪರೀಕ್ಷಾ, ಮಳೆಗಾಲ, ಚುನಾವಣಿ, ಮದುವಿ, ರಿಟೈರ್ಮೆಂಟ್. ಒಬ್ಬ ಮನುಷ್ಯಾ ಏನೋ ಮಾಡೋನಿದ್ದಾನ ಅನ್ನಾಕ ಇದು ನಡೀಯಂಗಿಲ್ಲ. ‘ಐ ಆಮ್ ಅರೌಂಡ್ ದ ಕಾರ್ನರ್ ಟು ಫಿನಿಶ್ ಮೈ ಡಿಗ್ರಿ’ ಅಂತ ಬರದ್ರ ತಪ್ಪು, ಅಲ್ಲಿ ‘ಐ ಆಮ್ ಅಬೌಟ್ ಟು ಫಿನಿಶ್’ ಅಂತ ಬರೀಬೇಕು.

‘ಇನ್ ದ ಕಾರ್ನರ್’ ಅಂದ್ರ ಕೋಣಿ ಒಳಗಿನ ಮೂಲಿ. ‘ಆನ್ ದ ಕಾರ್ನರ್’ ಇಲ್ಲಾ ‘ಅಟ್ ದ ಕಾರ್ನರ್’ ಅಂದ್ರ ರಸ್ತೆ ಕೂಡೋ ಜಾಗಾ. ‘ಅರೌಂಡ್ ದ ಕಾರ್ನರ್’ ಅಂದ್ರ ಆ ತಿರುವು ದಾಟಿದ ಮ್ಯಾಲೆ. ‘ಎಕ್ಸಾಮ್ಸ್ ಆರ್ ಇನ್ ದ ಕಾರ್ನರ್’ ಅಂತ ಉತ್ತರ ಪತ್ರಿಕಾದಾಗ ಎಷ್ಟ್ ಮಂದಿ ಬರೀತಿದ್ರು, ಆ ಒಂದು ಸಣ್ಣ ಶಬ್ದ ಬದಲಾದ್ರ ಅರ್ಥ ಹೋತು. ರೌಂಡ್, ಅರೌಂಡ್ ಎರಡೂ ಸರಿ, ಬ್ರಿಟಿಷರು ‘ರೌಂಡ್’ ಜಾಸ್ತಿ ಅಂತಾರ, ಅಮೆರಿಕಾದವರು ‘ಅರೌಂಡ್’ ಅಂತಾರ, ಪೇಪರ್‌ನ್ಯಾಗ ಯಾವ್ದು ಬರದ್ರೂ ಮಾರ್ಕ್ಸ್ ಕಟ್ ಮಾಡಂಗಿಲ್ಲ.

ಬ್ಯಾಡಗಿ ಹೊಲದಾಂವ, ಹಾವೇರಿ ಜಿಲ್ಲಾ

ಟೀಚರ್ ಅವರು ಹೇಳಿದ್ದು ಭಾಳ ಚಲೋ ಐತಿ. ನಾ ಇಂಗ್ಲಿಷ್ ಪಂಡಿತ ಅಲ್ಲ, ಆದ್ರ ನಿಮ್ಮ ಪ್ಯಾಸೇಜ್‌ನ್ಯಾಗಿನ ಸಾಲು ನಮ್ಮ ಹೊಲದ್ದೇ ಇರೋದಕ್ಕ ಬರಿಯಾಕ ಕುಂತೆ.

ಮಾನ್ಸೂನ್ ಅರೌಂಡ್ ದ ಕಾರ್ನರ್ ಅಂದ್ರ ಆ ಟೈಮಿನ್ಯಾಗ ಊರು ಹೆಂಗಿರ್ತೈತಿ ಅಂತ ನೆನಸ್ಕೊಳ್ರಿ ತಮ್ಮಾ. ಕೇರಳಕ್ಕ ಮಳಿ ಮುಟ್ಟೋ ವಾಡಿಕಿ ತಾರೀಖು ಜೂನ್ 1, ಅಲ್ಲಿಂದ ಮ್ಯಾಲ ಹತ್ತಿ ನಮ್ಮ ಕಡೆ ಬರಾಕ ಮತ್ತಷ್ಟು ದಿನ ಹಿಡೀತೈತಿ. ನಮ್ಮ ಹಿರೇರು ತಾರೀಖು ನೋಡಂಗಿಲ್ಲ, ಮಳಿ ಹೆಸರು ನೋಡ್ತಾರ. ಮೇ ಕಡೀ ವಾರದಾಗ ರೋಹಿಣಿ ಕೂಡ್ತೈತಿ, ಜೂನ್ 7, 8ರ ಸುಮಾರು ಮಿರಗ ಕೂಡ್ತೈತಿ. ರೋಹಿಣಿ ನಡದಾಗನ ಹೊಲ ಹರಗಿ ಹಸನ ಮಾಡಿರ್ತಾರ, ತಿಪ್ಪಿ ಗೊಬ್ಬರ ಹೇರಿರ್ತಾರ, ಕೂರಿಗಿ ರಿಪೇರಿ ಮಾಡಸ್ತಾರ, ರೈತ ಸಂಪರ್ಕ ಕೇಂದ್ರದ ಮುಂದ ಬೀಜಕ್ಕ ಪಾಳಿ ಹಚ್ಚಿರ್ತಾರ. ಆಕಾಶದಾಗ ಒಂದು ಮೋಡ ಇರಂಗಿಲ್ಲ, ಬಿಸಲು ಹಂಗ ಸುಡಾಕತ್ತಿರ್ತೈತಿ, ಆದ್ರೂ ಎಲ್ಲಾರ ಕೈಯಾಗ ಕೆಲಸ. ಮಳಿ ಕಾಣವಲ್ದು, ಆದ್ರ ಬರ್ತೈತಿ ಅನ್ನೋದು ಗ್ಯಾರಂಟಿ ಅಂತ ಮಂದಿ ನಡಕೋತಾರ. ಟೀಚರ್ ಹೇಳಿದ ‘ಹತ್ರ ಐತಿ, ಇನ್ನೂ ಕಣ್ಣಿಗೆ ಬಿದ್ದಿಲ್ಲ’ ಅನ್ನೋದು ಅಂದ್ರ ಇದೇ ನೋಡ್ರಿ.

ನಮ್ಮ ಮಾತಿನ್ಯಾಗ ಏನಂತಾರ ಅಂತ ಕೇಳಿದ್ರಿ. ನಮ್ಮ ಮನ್ಯಾಗ ರೋಹಿಣಿ ಮಳಿ ನಡದಾಗ ಅಪ್ಪ ಅನ್ನೋದು ‘ಮಿರಗ ಬಂತು, ಇನ್ನೂ ಬೀಜ ತಂದಿಲ್ಲ ನೀನು’ ಅಂತ. ಬಂತು ಅಂತಾನ, ಇನ್ನೂ ಬಂದಿರಂಗಿಲ್ಲ! ಪಂಚಮಿಗೆ ಹದಿನೈದು ದಿನ ಇದ್ದಾಗನ ಅವ್ವ ‘ಪಂಚಮಿ ಬಂತು, ತಂಗೀನ ಕರಿಯಾಕ ಹೋಗೋದು ಯಾವಾಗ, ಉಂಡಿಗೆ ಶೇಂಗಾ ಹುರಿಯೋದು ಯಾವಾಗ’ ಅಂತ ಶುರು ಮಾಡ್ತಾಳ. ನನಗ ಅನ್ನಿಸೋದು, ನಮ್ಮ ‘ಬಂತು’ ಅಂದ್ರನ ಅವರ ‘ಅರೌಂಡ್ ದ ಕಾರ್ನರ್’.

ಮಾಳಮಡ್ಡಿ ಟೀಚರ್, ಧಾರವಾಡ

ಬ್ಯಾಡಗಿಯವರು ಭಾಳ ಮಹತ್ವದ ಮಾತು ಹೇಳ್ಯಾರ, ಇದನ್ನ ಹುಡುಗ್ರು ಬರದಿಟ್ಕೋಬೇಕು. ಕನ್ನಡದಾಗ ಇನ್ನೇನು ಆಗೋದನ್ನ ಆಗಿಹೋದಂಗ ಹೇಳೋ ರೂಢಿ ಅದ. ಒಳಗಿಂದ ‘ಬಂದೆ, ಬಂದೆ’ ಅಂತ ಒದರ್ತೀವಿ, ಇನ್ನೂ ಅಡಗಿಮನ್ಯಾಗ ಇರ್ತೀವಿ. ‘ಮಳಿ ಬಂತು, ಅರಿವಿ ತಗೀರಿ’ ಅಂತೀವಿ, ಒಂದು ಹನೀನೂ ಬಿದ್ದಿರಂಗಿಲ್ಲ. ಕ್ರಿಯಾಪದದ ಭೂತಕಾಲನ ನಮಗ ಅವಸರ ತೋರಸ್ತದ.

ತೊಡಕು ಎಲ್ಲಿ ಬರ್ತದಂದ್ರ, ಇದನ್ನ ಹಂಗ ಇಂಗ್ಲಿಷಿಗೆ ಎತ್ತಿದಾಗ. ‘ಎಕ್ಸಾಮ್ ಕೇಮ್, ಬಟ್ ಐ ಹ್ಯಾವ್ ನಾಟ್ ಸ್ಟಡೀಡ್’ ಅಂತ ಬರದ್ರ ಓದಿದವರಿಗೆ ಪರೀಕ್ಷಾ ಮುಗದೇ ಹೋತು ಅನ್ನಿಸ್ತದ. ಅಂಥಲ್ಲಿ ‘ಎಕ್ಸಾಮ್ಸ್ ಆರ್ ಅರೌಂಡ್ ದ ಕಾರ್ನರ್’ ಕೂಡಿಸ್ರಿ. ಅಂದ್ರ ನಿಮ್ಮ ಮನಸ್ಸಿನ್ಯಾಗ ‘ಬಂತು’ ಅಂತ ಬಂದು, ಆದ್ರ ಅದು ಖರೇನ ಇನ್ನೂ ಬಂದಿಲ್ಲ ಅಂದ್ರ, ಅಲ್ಲಿ ಈ ಈಡಿಯಮ್ ಕೂಡ್ತದ. ಮತ್ತ ಕೆಟ್ಟದ್ದಕ್ಕೂ ಬಳಸಬಹುದು, ‘ಎ ವಾಟರ್ ಕ್ರೈಸಿಸ್ ಈಸ್ ಅರೌಂಡ್ ದ ಕಾರ್ನರ್’ ಅಂತ ಬರೀತಾರ, ಏನೂ ಅಡ್ಡಿ ಇಲ್ಲ.

ಬೆಟಗೇರಿ ಡೆಸ್ಕ್, ಗದಗ

ಇದರಾಗ ನಂದೂ ಒಂದಿಷ್ಟು. ನಾ ಸುದ್ದಿ ಮನ್ಯಾಗ ಡೆಸ್ಕ್ ಕೆಲಸ ಮಾಡಾಂವ, ಇಂಗ್ಲಿಷ್ ಏಜೆನ್ಸಿ ಕಾಪಿ ಕನ್ನಡಕ್ಕ ಮಾಡೋದು ದಿನದ ಕೆಲಸ. ‘ವಿತ್ ಎಲೆಕ್ಷನ್ಸ್ ಅರೌಂಡ್ ದ ಕಾರ್ನರ್’ ಅಂತ ಶುರು ಆಗೋ ಸಾಲು ಚುನಾವಣಿ ಕಾಲದಾಗ ಎಷ್ಟು ಬರ್ತಾವಂದ್ರ ಲೆಕ್ಕ ಇಲ್ಲ. ಈಡಿಯಮ್ ಸಾಲಿನ ಮುಂದ, ಅದರ ಪರಿಣಾಮ ಸಾಲಿನ ಹಿಂದ, ಪತ್ರಿಕಾ ಇಂಗ್ಲಿಷ್‌ನ್ಯಾಗ ಈ ಅಚ್ಚು ಭಾಳ ಚಾಲ್ತಿ. ನಿಮ್ಮ ಪ್ಯಾಸೇಜ್ ಸಾಲೂ ಅದೇ ಅಚ್ಚು: ಮಾನ್ಸೂನ್ ಬಂತು, ಅದಕ್ಕ ರೈತರು ಬೀಜ ತಗೊಳ್ಳಾಕತ್ತಾರ. ಎಸ್ಸೇದಾಗ ಮೊದಲ ಸಾಲಿಗೆ ಇದು ಚಲೋ ಒಪ್ತೈತಿ.

ಕನ್ನಡದಾಗ ನಾವು ‘ಚುನಾವಣೆ ಹೊಸ್ತಿಲಲ್ಲಿ’ ಅಂತೇವಿ, ‘ಪರೀಕ್ಷೆ ಸಮೀಪಿಸುತ್ತಿದ್ದಂತೆ’ ಅಂತೇವಿ. ಹೊಸ್ತಿಲು ಅಂದ್ರ ಸ್ವಲ್ಪ ವಿಚಾರ ಮಾಡ್ರಿ, ಅದು ಮನೀ ಬಾಗಲಕ್ಕ ಬಂದು ನಿಂತು ಬಿಟ್ಟೈತಿ, ನಮ್ಮ ಕಣ್ಣೆದುರಿಗೇ ಐತಿ. ಇಂಗ್ಲಿಷಿನ್ಯಾಗ ತಿರುವಿನ ಆ ಕಡೆ ಮರ್‍ಯಾಗ ಐತಿ. ಅದಕ್ಕ ಏಜೆನ್ಸಿ ಕಾಪಿಯಾಗ ಚುನಾವಣಿಗೆ ಇನ್ನೂ ನಾಕೈದು ತಿಂಗಳು ಇದ್ದಾಗನೂ ಅವರು ‘ಅರೌಂಡ್ ದ ಕಾರ್ನರ್’ ಅಂತ ಬರದಿರ್ತಾರ, ಅಲ್ಲಿ ನಾ ಹೊಸ್ತಿಲು ಹಾಕಂಗಿಲ್ಲ, ‘ಹತ್ತಿರವಾಗುತ್ತಿದೆ’ ಅಂತ ಅಷ್ಟ ಮಾಡ್ತೇನಿ.

ಎಷ್ಟು ದಿನ ಅಂತ ಕೇಳಿದ್ರಲ್ಲ, ಅದಕ್ಕ ಲೆಕ್ಕ ಇಲ್ಲ, ಆದ್ರ ಒಂದು ಹದ ಐತಿ. ವರ್ಷಕ್ಕೊಮ್ಮೆ ಬರೋ ಹಬ್ಬಕ್ಕ ಒಂದೆರಡು ವಾರ ಇದ್ದಾಗ ಅಂದ್ರ ಕೇಳಾಕ ಸರಿ ಅನ್ನಿಸ್ತೈತಿ. ಐದು ವರ್ಷಕ್ಕೊಮ್ಮೆ ಬರೋ ಲೋಕಸಭಾ ಚುನಾವಣಿಗೆ ಮೂರ್ನಾಕು ತಿಂಗಳಿದ್ದಾಗ ಅಂದ್ರೂ ನಡೀತೈತಿ. ಹೊಸಾ ಔಷಧ, ಹೊಸಾ ಟೆಕ್ನಾಲಜಿ ಬಗ್ಗೆ ಬರಿಯೋರು ಇನ್ನೂ ಐದು ವರ್ಷ ಇದ್ದಾಗನೂ ಅಂದು ಬಿಡ್ತಾರ. ಸಂಗತಿ ಎಷ್ಟು ದೊಡ್ಡದು, ಎಷ್ಟು ದಿನದಿಂದ ಅದರ ದಾರಿ ಕಾಯಾಕತ್ತೇವಿ ಅನ್ನೋದರ ಮ್ಯಾಲ ಆ ‘ಹತ್ರ’ ಉದ್ದ ಆಗ್ತೈತಿ, ಗಿಡ್ಡ ಆಗ್ತೈತಿ.

ತಾರೀಖು ಇಲ್ಲದ ಮಾತು ಆಗಿದ್ದಕ್ಕ ಅಧಿಕಾರದಾಗ ಇರೋರಿಗೆ ಇದು ಭಾಳ ಅನುಕೂಲ. ಇದರ ದೊಡ್ಡ ಉದಾಹರಣೆ ಅಮೆರಿಕಾದ್ದು. 1929ರ ಅಕ್ಟೋಬರ್‌ನ್ಯಾಗ ನ್ಯೂಯಾರ್ಕಿನ ಶೇರು ಮಾರುಕಟ್ಟಿ ಕುಸದು ಬಿತ್ತು, ಆಗ ಅಧ್ಯಕ್ಷ ಇದ್ದಾವ್ರು ಹರ್ಬರ್ಟ್ ಹೂವರ್. ‘ಪ್ರಾಸ್ಪೆರಿಟಿ ಈಸ್ ಜಸ್ಟ್ ಅರೌಂಡ್ ದ ಕಾರ್ನರ್’, ಅಂದ್ರ ಸುಭಿಕ್ಷ ಇನ್ನೇನು ಬಂತು ಅನ್ನೋ ಮಾತು ಆ ಕಾಲದಾಗ ಎಲ್ಲಾರ ಬಾಯಾಗ ಓಡಾಡ್ತು, ಹೂವರ್ ಹೆಸರಿಗೇ ಅಂಟ್ಕೊಂತು, ಅವರು ಅದೇ ಶಬ್ದ ಹಚ್ಚಿ ಹೇಳಿದ್ದಕ್ಕ ದಾಖಲೆ ಇಲ್ಲ ಅಂತಾರ, ಆದ್ರ ಮಂದಿ ಅವರ ತಲೀಗೇ ಕಟ್ಟಿದ್ರು. ಸುಭಿಕ್ಷ ಬರಲಿಲ್ಲ. 1932ರ ಚುನಾವಣಿಯಾಗ ಹೂವರ್ ಸೋತು ಫ್ರಾಂಕ್ಲಿನ್ ರೂಸ್‌ವೆಲ್ಟ್ ಗೆದ್ರು, 1933ರ ಹೊತ್ತಿಗೆ ದುಡಿಯೋ ನಾಕು ಮಂದಿಯೊಳಗ ಹತ್ತತ್ರ ಒಬ್ಬರಿಗೆ ಕೆಲಸ ಇರಲಿಲ್ಲ. ಕೆಲಸ ಕಳಕೊಂಡು ಬ್ರೆಡ್ಡಿಗೆ ಪಾಳಿ ಹಚ್ಚಿದವರಿಗೆ ಆ ಸಾಲು ಹೆಂಗ ಕೇಳಿಸಿರಬೇಕು ವಿಚಾರ ಮಾಡ್ರಿ. ಅದಕ್ಕ ಸರ್ಕಾರದ ಭರವಸೆ ಸುದ್ದಿಯಾಗ ಈ ಮಾತು ಕಂಡ್ರ ನಾ ಮೊದಲ ತಾರೀಖು ಐತೇನು ಅಂತ ಹುಡುಕ್ತೇನಿ.

ಇದರ ಬಳಗದ ಮಾತೂ ತಿಳ್ಕೊಂಡು ಇಡ್ರಿ, ಆಪ್ಶನ್‌ನ್ಯಾಗ ಇವೇ ಬರ್ತಾವು. ‘ಇಮಿನೆಂಟ್’ ಅನ್ನೋದು ಫಾರ್ಮಲ್, ಲ್ಯಾಟಿನ್ ಮೂಲದಾಗ ಮ್ಯಾಲೆ ಬಾಗಿ ತೂಗಾಡೋದು ಅಂತ ಅರ್ಥ, ಅದಕ್ಕ ಅದು ಅಪಾಯದ ಜೋಡಿ ಜಾಸ್ತಿ ಬರ್ತೈತಿ, ನಮ್ಮಲ್ಲಿ ‘ತಲಿ ಮ್ಯಾಲೆ ತೂಗಾಕತ್ತೈತಿ’ ಅಂದಂಗ. ‘ಇನ್ ದ ಆಫಿಂಗ್’ ಅನ್ನೋದು ಹಡಗಿನವರ ಮಾತು, ದಂಡಿಮ್ಯಾಲೆ ನಿಂತವರಿಗೆ ದೂರ ಕಾಣೋ ಸಮುದ್ರದ ಭಾಗಕ್ಕ ಆಫಿಂಗ್ ಅಂತಿದ್ರು, ಅಲ್ಲಿ ಹಡಗ ಕಂಡ್ರ ಇನ್ನ ಸ್ವಲ್ಪ ಹೊತ್ತಿಗೆ ಬಂದರಿಗೆ ಬರ್ತೈತಿ ಅಂತ. ‘ಆನ್ ದ ಕಾರ್ಡ್ಸ್’ ಅಂದ್ರ ಆಗೋ ಸಾಧ್ಯತಾ ಐತಿ ಅಂತ ಅಷ್ಟ, ಜಲ್ದಿ ಅಂತ ಅಲ್ಲ.

ವಿದ್ಯಾನಗರ ಕೋಡರ್, ಹುಬ್ಬಳ್ಳಿ

ಎಲ್ಲಾರೂ ಚಲೋ ಹೇಳ್ಯಾರ, ನಂದು ಆಫೀಸ್ ಕಡಿಂದ ಒಂದು ಮಾತು. ನಮ್ಮ ಕೆಲಸ ಹೊರದೇಶದ ಕ್ಲೈಂಟ್ ಜೋಡಿ. ಟೀಮ್ ಒಳಗ ಯಾರರ ಮೇಲ್‌ನ್ಯಾಗ ‘ರಿಲೀಸ್ ಈಸ್ ಅರೌಂಡ್ ದ ಕಾರ್ನರ್’ ಅಂತ ಬರದ್ರ ಆ ಕಡಿಂದ ಬರೋ ಮೊದಲ ಪ್ರಶ್ನೆ ‘ವಿಚ್ ಡೇಟ್’ ಅಂತ. ಮಾತಿನ್ಯಾಗ, ಎಸ್ಸೇದಾಗ ಇದು ಶೋಭಿಸ್ತೈತಿ, ಕೆಲಸದ ಮೇಲ್‌ನ್ಯಾಗ, ಬ್ಯಾಂಕ್ ಲೆಟರ್‌ನ್ಯಾಗ ತಾರೀಖೇ ಬರೀಬೇಕು. ನೀವು ಬರಿಯೋ ಡಿಸ್ಕ್ರಿಪ್ಟಿವ್ ಪೇಪರ್‌ನ್ಯಾಗ ಫಾರ್ಮಲ್ ಲೆಟರ್ ಬಂದ್ರ ಇದನ್ನ ಹಚ್ಚಬ್ಯಾಡ್ರಿ, ಅಲ್ಲಿ ‘ಅಪ್ರೋಚಿಂಗ್’ ಅಂದ್ರ ಸಾಕು.

ಇನ್ನ ಕಾರ್ನರ್ ಅಂತ ಕಂಡಿದ್ದೆಲ್ಲಾ ಇದೇ ಅಲ್ಲ, ಪರೀಕ್ಷಾದಾಗ ಬೇಕಂತಲೇ ಗೊಂದಲ ಮಾಡ್ತಾರ. ‘ಟರ್ನ್ ದ ಕಾರ್ನರ್’ ಅಂದ್ರ ಕಷ್ಟದ ದಿನ ದಾಟಿ ಸುಧಾರ್ಸಾಕ ಶುರು ಆತು ಅಂತ, ಜಡ್ಡಿನ ಮನುಷ್ಯಾ ಚೇತರಿಸ್ಕೊಂಡ್ರ, ಲುಕ್ಸಾನಿನ ಧಂಧೆ ಎದ್ದು ನಿಂತ್ರ ಹಂಗಂತಾರ. ‘ಕಟ್ ಕಾರ್ನರ್ಸ್’ ಅಂದ್ರ ದುಡ್ಡು, ಟೈಮ್ ಉಳಿಸಾಕ ಹೋಗಿ ಕೆಲಸ ಕಚ್ಚಾ ಮಾಡೋದು. ‘ರೌಂಡ್ ದ ಬೆಂಡ್’ ಕೇಳಾಕ ಇದರಂಗ ಇದ್ರೂ ಬ್ರಿಟಿಷರು ತಲಿ ಕೆಟ್ಟವರಿಗೆ ಅನ್ನೋದು ಅದು.

ಮತ್ತ ‘ಯೂ ನೆವರ್ ನೋ ವಾಟ್ಸ್ ಅರೌಂಡ್ ದ ಕಾರ್ನರ್’ ಅಂತ ಬಂದ್ರ ಹುಷಾರ್‍ರಿ, ಅಲ್ಲಿ ಜಲ್ದಿ ಅನ್ನೋದಕ್ಕಿಂತ ಮುಂದ ಏನು ಕಾದೈತೋ ಯಾರಿಗೆ ಗೊತ್ತು ಅನ್ನೋದೇ ದೊಡ್ಡದು. ಟೀಚರ್ ಹೇಳಿದ್ರಲ್ಲ, ತಿರುವಿನ ಆ ಕಡೆ ಕಾಣಂಗಿಲ್ಲ ಅಂತ, ಈ ಸಾಲಿಗೆ ಆ ಕಾಣದೇ ಇರೋದರ ಮ್ಯಾಲೇ ಒತ್ತು.

ಸಪ್ತಾಪುರ ರೂಮ್ ಮಂದಿ, ಧಾರವಾಡ

ಇಷ್ಟು ಬಿಡಿಸಿ ಹೇಳಿದ್ದಕ್ಕ ಎಲ್ಲಾರಿಗೂ ಭಾಳ ಭಾಳ ಧನ್ಯವಾದ್ರಿ. ಮೂಲಿ ಅಲ್ಲ ತಿರುವು ಅನ್ನೋದು ಒಂದು, ನಮ್ಮ ‘ಬಂತು’ ಅನ್ನೋದು ಒಂದು, ಇವೆರಡನ್ನೂ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚೇವಿ. ಮೂರೂ ಮಂದಿ ಒಂದೊಂದು ಸಾಲು ಬರದೇವಿ ಟೀಚರ್, ನೋಡಿ ಹೇಳ್ರಿ.

‘ವಿತ್ ಶಿವರಾತ್ರಿ ಅರೌಂಡ್ ದ ಕಾರ್ನರ್, ಸಿದ್ಧಾರೂಢ ಮಠ ಈಸ್ ಗೆಟಿಂಗ್ ರೆಡಿ ಫಾರ್ ದ ಜಾತ್ರೆ.’

‘ಮೈ ಸಿಸ್ಟರ್ಸ್ ವೆಡಿಂಗ್ ಈಸ್ ಜಸ್ಟ್ ರೌಂಡ್ ದ ಕಾರ್ನರ್ ಆನ್ ಟ್ವೆಂಟಿಯತ್ ಮೇ.’

‘ದ ಬಸ್ ಈಸ್ ಅರೌಂಡ್ ದ ಕಾರ್ನರ್.’

ಮಾಳಮಡ್ಡಿ ಟೀಚರ್, ಧಾರವಾಡ

ಮೊದಲನೇದು ಪೂರ್ತಿ ಸರಿ, ಬೆಟಗೇರಿಯವರು ಹೇಳಿದ ಅಚ್ಚಿನ್ಯಾಗ ಚಂದ ಕುಂತದ. ಶಿವರಾತ್ರಿ ಮರುದಿನ ತೇರು ಎಳೀತಾರ, ಅದನ್ನೂ ಒಂದು ಸಾಲು ಕೂಡ್ಸಿದ್ರ ಎಸ್ಸೇಗೆ ಚಲೋ ಶುರುವಾತಾಗ್ತದ.

ಎರಡನೇದರಾಗ ತಾರೀಖು ಅದೇ ಸಾಲಿಗೆ ಹೊಂದಂಗಿಲ್ಲ ತಮ್ಮಾ. ಅಂದಾಜಿನ ಮಾತಿನ ಬೆನ್ನಿಗೇ ಪಕ್ಕಾ ತಾರೀಖು ಕಟ್ಟಿದಂಗ ಆಗ್ತದ. ‘ಮೈ ಸಿಸ್ಟರ್ಸ್ ವೆಡಿಂಗ್ ಈಸ್ ಜಸ್ಟ್ ರೌಂಡ್ ದ ಕಾರ್ನರ್’ ಅಂತ ನಿಲ್ಲಿಸಿ, ‘ಇಟ್ ಈಸ್ ಆನ್ ದ ಟ್ವೆಂಟಿಯತ್ ಆಫ್ ಮೇ’ ಅಂತ ಬ್ಯಾರೆ ಸಾಲು ಮಾಡು.

ಮೂರನೇದು ತಪ್ಪಲ್ಲ, ಆದ್ರ ಓದಿದವರು ಬಸ್ಸು ಆ ತಿರುವಿನ್ಯಾಗ ನಿಂತದ ಅಂತ ಜಾಗಾದ ಅರ್ಥನ ಹಿಡೀತಾರ. ಇನ್ನೇನು ಬರ್ತದ ಅಂತ ಹೇಳೋದಿದ್ರ ‘ದ ಬಸ್ ವಿಲ್ ಬಿ ಹಿಯರ್ ಎನಿ ಮಿನಿಟ್’ ಅಂತ ಬರೀರಿ. ನಿಮಿಷದ ಲೆಕ್ಕಕ್ಕ ‘ಎನಿ ಮಿನಿಟ್’, ದಿನ ತಿಂಗಳ ಲೆಕ್ಕಕ್ಕ ‘ಅರೌಂಡ್ ದ ಕಾರ್ನರ್’. ಇನ್ನೂ ಸಾಲು ಬರದ್ರ ಹಾಕ್ರಿ, ಸಂಜಿಮುಂದ ನೋಡ್ತೀನಿ.